ಹೆಸರಿಲ್ಲದ ಬಣ್ಣದ ಪೊಟ್ಟಣ

ಮೊನ್ನೆ ನಮ್ಮ ಸೀಮೆಯ ಒಂದು ಊರಲ್ಲಿ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳ ಸಭೆ ಕೂಡಿತ್ತು. ವೇದಿಕೆಯ ಮೇಲಿನ ಮಹಾಶಯರೊಬ್ಬರು ಮಿತವ್ಯಯದ ಬಗ್ಗೆ ಮುಕ್ಕಾಲು ತಾಸು ಉಪದೇಶ ಮಾಡಿದರು. ಹಬ್ಬಕ್ಕೊಂದು ಸೀರೆ, ಜಾತ್ರೆಗೊಂದು ಸೀರೆ ಎಂದು ಸಾಲ ಮಾಡುವ ಚಟವನ್ನು ತಾಯಂದಿರು ಬಿಡಬೇಕಂತೆ. ಬಣ್ಣಗೆಟ್ಟ ಅರಿವೆಗೆ ಮನೆಯಲ್ಲಿಯೇ ಬಣ್ಣ ಹಾಕಿಕೊಂಡರೆ ಅದು ಹೊಸದರಂತೆಯೇ ಆಗುವದಂತೆ. ಹಾಗೆ ಉಳಿದ ಹಣವನ್ನು ಸಂಘದಲ್ಲಿ ತುಂಬಬೇಕಂತೆ. ಭಾಷಣ ಮುಗಿದ ಮೇಲೆ ಅವರಿಗೆ ಶಾಲು ಹೊದಿಸಿ ಸತ್ಕಾರ ಮಾಡಿದರು. ಶಾಲು ಹೊಸದಿತ್ತು.

ನಾವು ಹಿಂದಿನ ಸಾಲಿನಲ್ಲಿ ಕುಳಿತಿದ್ದೆವು. ನಮ್ಮ ಮುಂದೆ ಕುಳಿತ ತಾಯಂದಿರಲ್ಲಿ ಹಬ್ಬಕ್ಕೊಂದು ಸೀರೆ ಕೊಂಡವರು ಯಾರೂ ನಮಗೆ ಕಾಣಲಿಲ್ಲ. ಮನೆಯಲ್ಲಿ ಬಣ್ಣ ಹಾಕಿದ ಸೀರೆ ಉಟ್ಟವರು ಬಹಳ ಜನ ಕಂಡರು. ಅಂಚಿನ ಹತ್ತಿರ ಬಣ್ಣ ದಟ್ಟವಾಗಿ, ನಡುವೆ ತೆಳುವಾಗಿ, ಅಲ್ಲಲ್ಲಿ ಮೋಡ ಕಟ್ಟಿದಂತೆ ಕಾಣುವ ಆ ಸೀರೆಗಳನ್ನು ಗುರುತಿಸಲು ದೊಡ್ಡ ಪಾಂಡಿತ್ಯ ಬೇಕಾಗಿಲ್ಲ. ಮಹಾಶಯರು ಯಾರಿಗೆ ಈ ವಿದ್ಯೆ ಕಲಿಸಲು ಬಂದಿದ್ದರೋ ಅವರು ಅದನ್ನು ತಮ್ಮ ಅವ್ವಂದಿರಿಂದ ಕಲಿತು ಎಷ್ಟೋ ವರುಷಗಳಾಗಿದ್ದವು. ಈಜು ಬಲ್ಲ ಮೀನಿಗೆ ಈಜು ಕಲಿಸಿ ಶಾಲು ಹೊದಿಸಿಕೊಂಡು ಹೋದಂತಾಯಿತು.

ನಾವು ಮಿತವ್ಯಯದ ವೈರಿಗಳಲ್ಲ. ಹಳೆಯ ಅರಿವೆಗೆ ಬಣ್ಣ ಹಾಕುವದು ಮಾನದ ಕೆಲಸ. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ನಮ್ಮ ತಕರಾರು ಆ ಬೋಗಾಣಿಯ ಮೇಲಲ್ಲ, ಅದರೊಳಗೆ ಸುರುವುವ ಪುಡಿಯ ಮೇಲೆ. ಮೂರು ಒಗೆತಕ್ಕೆ ಬಣ್ಣ ಬಿಡುವ ಬಟ್ಟೆಯನ್ನು ಮೊದಲು ಮಾರುವವರು ಯಾರು? ಅದಕ್ಕೆ ಮತ್ತೆ ಹಾಕಲೆಂದು ಹೆಸರಿಲ್ಲದ ಪುಡಿಯನ್ನು ಪೊಟ್ಟಣ ಕಟ್ಟಿ ಮಾರುವವರು ಯಾರು? ಇವೆರಡನ್ನೂ ನೋಡುತ್ತ ಸುಮ್ಮನೆ ಕುಳಿತವರು ಯಾರು? ಮಹಾಶಯರ ಮುಕ್ಕಾಲು ತಾಸಿನಲ್ಲಿ ಈ ಮೂರು ಪ್ರಶ್ನೆಗಳಿಗೆ ಅರ್ಧ ನಿಮಿಷವೂ ಸಿಕ್ಕಲಿಲ್ಲ.

ಈಗ ಘೋಡಗೇರಿಗೆ ಬರೋಣ. ಪಕ್ಷದ ಕೆಲಸಕ್ಕೆಂದು ಹೋದಾಗ ಅಲ್ಲಿ ಒಬ್ಬ ಕೂಲಿಕಾರಳ ಮನೆಯ ಮುಂದೆ ನಿಂತೆವು. ಚಹಾ ತಂದು ಕೊಟ್ಟ ಆ ತಾಯಿಯ ಎರಡೂ ಕೈ ಮಣಿಕಟ್ಟಿನ ತನಕ ನೀಲಿ. ಉಗುರಿನ ಸಂದಿಯಲ್ಲಿ ಕಪ್ಪುನೀಲಿ.

“ಅಕ್ಕಾರ, ಇದೇನ್ರಿ ಕೈ?” ಎಂದೆವು.

“ರಂಗ್ರೀ ಮಾಸ್ತರ. ಹುಡುಗಿ ಸಾಲಿ ಸ್ಕರ್ಟಿಗೆ ಹಾಕಿದ್ನಿ. ಸ್ಕರ್ಟಿಗೆ ಹತ್ತಲಿಲ್ಲ, ಕೈಗೆ ಹತ್ತೇತಿ.”

ನಕ್ಕರು, ನಾವೂ ನಕ್ಕೆವು. ಆಮೇಲೆ ಸ್ಕರ್ಟು ತಂದು ತೋರಿಸಿದರು. ನಗೆ ನಿಂತಿತು. ಸಂತೆಯಲ್ಲಿ ಕಡುನೀಲಿ ಎಂದು ಕೊಂಡ ಪೊಟ್ಟಣ. ಮಾರಿದವನು ಹೇಳಿದಂತೆ ನೀರು ಕುದಿಸಿ, ಒಂದು ಹಿಡಿ ಉಪ್ಪು ಹಾಕಿ, ಒಂದು ತಾಸು ತಿರುವಿದ್ದಾರೆ. ಸ್ಕರ್ಟು ನೀಲಿಯೂ ಅಲ್ಲದ ಬೂದಿಯೂ ಅಲ್ಲದ ಒಂದು ಬಣ್ಣಕ್ಕೆ ಬಂದಿದೆ. ಸೊಂಟದ ಒಳಗೆ ಹೊಲಿದ ನೂಲಿನ ಪಟ್ಟಿಯೊಂದೇ ಗಾಢ ನೀಲಿ. ಮರುದಿನ ಅದನ್ನು ಬಿಳಿ ಅಂಗಿಯ ಜೊತೆ ಒಗೆದರು; ಅಂಗಿಯೂ ಹೋಯಿತು. ಅನ್ನ ಮಾಡುವ ಜರ್ಮನ್ ಬೋಗಾಣಿಯ ಅಂಚಿಗೆ ನೀಲಿ ಗೆರೆ ಹತ್ತಿಕೊಂಡಿತ್ತು. ತಿಕ್ಕಿ ತಿಕ್ಕಿ ಸಾಕಾಗಿ, ಮನೆಯಲ್ಲಿ ಬೇರೆ ಬೋಗಾಣಿ ಇಲ್ಲವಾಗಿ, ಅದರಲ್ಲಿಯೇ ಮತ್ತೆ ಅನ್ನಕ್ಕೆ ಇಟ್ಟಿದ್ದರು. ಪೊಟ್ಟಣದ ಕಾಗದ ಕೇಳಿದೆವು. ಒಲೆಗೆ ಹಾಕಿದ್ದರು. “ಅದರಾಗ ಏನೂ ಬರದಿದ್ದಿಲ್ರೀ, ಬರೇ ಹೂವಿನ ಚಿತ್ರ ಇತ್ತು” ಎಂದರು.

ಮುಂದಿನ ಸಂತೆಯಲ್ಲಿ ಅಂಥದೇ ಪೊಟ್ಟಣವನ್ನು 20 ರೂಪಾಯಿ ಕೊಟ್ಟು ನಾವೇ ಕೊಂಡೆವು. ತೆಳ್ಳನೆಯ ಪ್ಲಾಸ್ಟಿಕ್ಕಿನ ಪೊಟ್ಟಣ, ಒಳಗೊಂದು ಹೂವಿನ ಚಿತ್ರದ ಕಾಗದ. ತಯಾರಿಸಿದವನ ಹೆಸರಿಲ್ಲ, ಊರಿಲ್ಲ, ತೂಕವಿಲ್ಲ, ತಿಂಗಳಿಲ್ಲ, ವರುಷವಿಲ್ಲ. ಯಾವ ಜಾತಿಯ ಬಣ್ಣ, ಯಾವ ಅರಿವೆಗೆ ಹತ್ತುವದು ಎಂಬುದಂತೂ ದೂರವೇ ಉಳಿಯಿತು. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದರೆ 18 ಗ್ರಾಂ ತೂಗಿತು. ಮಾರುವ ಹುಡುಗನನ್ನು ಕೇಳಿದೆವು. ಪಾಪ, ಅವನಿಗೂ ಗೊತ್ತಿಲ್ಲ. ದೊಡ್ಡ ಊರಿನಿಂದ ಚೀಲದಲ್ಲಿ ಬರುವದಂತೆ. ಅವನಿಗೆ ಪೊಟ್ಟಣಕ್ಕೆ ಇಷ್ಟು ಎಂದು ಸಿಗುವದಂತೆ. ಅವನ ಮೇಲೆ ನಮಗೆ ಸಿಟ್ಟಿಲ್ಲ.

ಆ ಸ್ಕರ್ಟಿಗೆ ಬಣ್ಣ ಏಕೆ ಹತ್ತಲಿಲ್ಲ? ಇದು ಆ ತಾಯಿಯ ಕೈಗುಣವೂ ಅಲ್ಲ, ಹಣೆಬರಹವೂ ಅಲ್ಲ. ಎಲ್ಲ ಅರಿವೆಗೂ ಹತ್ತುವ ಒಂದೇ ಬಣ್ಣ ಎಂಬುದು ಲೋಕದಲ್ಲಿಯೇ ಇಲ್ಲ. ಹತ್ತಿಯ ನೂಲಿಗೆ ಹತ್ತುವ ಬಣ್ಣಗಳ ಕುಲ ಬೇರೆ, ರೇಷ್ಮೆ-ಉಣ್ಣೆಗಳಿಗೆ ಹತ್ತುವ ಕುಲ ಬೇರೆ, ಪಾಲಿಯೆಸ್ಟರಿನ ಕುಲ ಮತ್ತೂ ಬೇರೆ. ಸಂತೆಯ ಪೊಟ್ಟಣದಲ್ಲಿ ಸಾಮಾನ್ಯವಾಗಿ ಬರುವದು ಹತ್ತಿಗೆ ನೇರವಾಗಿ ಹತ್ತುವ ಜಾತಿ. ಬಿಸಿನೀರು, ಉಪ್ಪು ಇಷ್ಟಿದ್ದರೆ ಸಾಕು, ಮನೆಯಲ್ಲಿ ಸುಲಭ. ಆದರೆ ಅದು ಎಳೆಯನ್ನು ಗಟ್ಟಿಯಾಗಿ ಹಿಡಿಯುವದಿಲ್ಲ, ಒಗೆದ ಹಾಗೆ ಸ್ವಲ್ಪ ಸ್ವಲ್ಪವೇ ಬಿಟ್ಟುಹೋಗುವದು. ಎಳೆಯೊಡನೆ ಒಂದಾಗಿ ಕೂಡುವ ಇನ್ನೊಂದು ಜಾತಿ ಉಂಟು. ಅದಕ್ಕೆ ಉಪ್ಪಿನ ಸಂಗಡ ವಾಷಿಂಗ್ ಸೋಡಾ ಬೇಕು, ಕುದಿ ಬೇಕಾಗಿಲ್ಲ. ಹಾಕಿದರೆ ಬಹುಕಾಲ ಉಳಿಯುವದು. ಇನ್ನು ಪಾಲಿಯೆಸ್ಟರಿಗೆ ಬಣ್ಣ ಹಿಡಿಸಲು ಕಾರಖಾನೆಗಳಲ್ಲಿ ಮುಚ್ಚಿದ ಯಂತ್ರದೊಳಗೆ ಒತ್ತಡದಲ್ಲಿ ಸುಮಾರು 130 ಡಿಗ್ರಿಯ ತನಕ ಕಾಯಿಸುವರು. ಘೋಡಗೇರಿಯ ಒಲೆಯ ಮೇಲೆ ನೀರು 100 ಡಿಗ್ರಿಗೆ ಕುದಿದು ಆವಿಯಾಗುವದು. ಆ ತಾಯಿ ಸಂಜೆಯ ತನಕ ತಿರುವಿದ್ದರೂ ಆ ಸ್ಕರ್ಟಿನಲ್ಲಿದ್ದ ಪಾಲಿಯೆಸ್ಟರಿನ ಎಳೆ ನೀಲಿಯನ್ನು ಕುಡಿಯುತ್ತಿರಲಿಲ್ಲ. ಮಿಶ್ರ ಬಟ್ಟೆಯಲ್ಲಿದ್ದ ಅರೆಪಾಲು ಹತ್ತಿ ಕುಡಿಯಿತು, ಪಟ್ಟಿ ಕುಡಿಯಿತು, ಅವರ ಕೈ ಕುಡಿಯಿತು.

ಪೊಟ್ಟಣದ ಮೇಲೆ “ಟೆರಿಕಾಟಿಗೆ ಹತ್ತುವದಿಲ್ಲ” ಎಂಬ ಎರಡೇ ಶಬ್ದ ಅಚ್ಚು ಹಾಕಿದ್ದರೆ ಆ 20 ರೂಪಾಯಿ ಉಳಿಯುತ್ತಿತ್ತು, ಒಂದು ಹೊರೆ ಕಟ್ಟಿಗೆ ಉಳಿಯುತ್ತಿತ್ತು, ಅಂಗಿ ಉಳಿಯುತ್ತಿತ್ತು. ಆದರೆ ಆ ಎರಡು ಶಬ್ದ ಅಚ್ಚಾದರೆ ಪೊಟ್ಟಣ ಅರ್ಧ ಖರ್ಚಾಗುವದು ನಿಲ್ಲುತ್ತದಲ್ಲ! ಏಕೆಂದರೆ ಬಡವರ ಮನೆಯಲ್ಲಿ ಇಂದು ಅಪ್ಪಟ ಹತ್ತಿಯ ಅರಿವೆ ಎಷ್ಟಿದೆ? ವಿಚಿತ್ರವೆಂದರೆ ಇದು ಹತ್ತಿಯ ನೂಲಿನ ಸೀಮೆ. ಗೋಕಾಕದ ಫಾಲ್ಸಿನ ನೀರಿನ ಬಲದಿಂದ 1880ರ ದಶಕದಲ್ಲಿಯೇ ಇಲ್ಲಿ ನೂಲಿನ ಗಿರಣಿ ಎದ್ದಿತು. ನಮ್ಮ ಅಜ್ಜಂದಿರು, ಮುತ್ತಜ್ಜಂದಿರು ಅಲ್ಲಿ ಪಾಳಿ ದುಡಿದರು. ಅವರ ಮೊಮ್ಮಕ್ಕಳು ತೊಡುವದು ಎಣ್ಣೆಬಾವಿಯಿಂದ ಬಂದ ನೂಲು, ಅದೇ ಅಗ್ಗ. ಹತ್ತಿ ಈಗ ಶಾಲು ಹೊದಿಸಿಕೊಳ್ಳುವವರ ಅರಿವೆಯಾಗಿದೆ.

ವಾಚಕರಿಗೆ ಇಲ್ಲಿಯೇ ಒಂದು ಉಪಯೋಗದ ಮಾತು ಹೇಳಿಬಿಡುತ್ತೇವೆ. ಮಾಸ್ತರಿಕೆಯ ಚಟ ಬಿಟ್ಟಿಲ್ಲ. ಬಣ್ಣ ತರುವ ಮೊದಲು ಅರಿವೆಯ ಒಳಅಂಚಿನಿಂದ ಒಂದು ಎಳೆ ಕಿತ್ತು ಉರಿ ಹಚ್ಚಿ ನೋಡಿರಿ. ಕಾಗದದಂತೆ ಉರಿದು ಬೂದಿಯಾದರೆ ಹತ್ತಿ. ಕೂದಲು ಸುಟ್ಟ ನಾತ ಬಂದರೆ ರೇಷ್ಮೆ ಅಥವಾ ಉಣ್ಣೆ. ಕರಗಿ ಮಣಿಯಂತೆ ಗಟ್ಟಿ ಗುಂಡಾದರೆ ಪಾಲಿಯೆಸ್ಟರು. ಪೊಟ್ಟಣಕ್ಕೆ ಹಣ ಹಾಕಬೇಡಿರಿ. ಅಡಿಗೆಯ ಪಾತ್ರೆಯಲ್ಲಿ ಬಣ್ಣ ಬೇಡ, ಒಡಕು ಬಕೆಟ್ಟೋ ಹಳೆಯ ಡಬ್ಬಿಯೋ ಬೇರೆ ಇರಲಿ. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿರಿ. ಪುಡಿ ಸುರುವುವಾಗ ಮೂಗಿಗೆ ಸೆರಗು ಹಿಡಿಯಿರಿ, ಮಕ್ಕಳನ್ನು ದೂರ ಕಳಿಸಿರಿ. ಬಣ್ಣ ಹಾಕಿದ ಅರಿವೆಯನ್ನು ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿರಿ. ಬಣ್ಣ ಕೆಡಿಸುವದರಲ್ಲಿ ಸಾಬೂನಿಗಿಂತ ನಮ್ಮ ಬಿಸಿಲೇನೂ ಕಡಿಮೆಯಲ್ಲ.

ಕೈ ಕಟ್ಟಿಕೊಳ್ಳಿರಿ ಎಂದೆವಲ್ಲ, ಅದಕ್ಕೆ ಕಾರಣವುಂಟು. ಇದೇ ನಮ್ಮ ಲೇಖನದ ಮುಖ್ಯ ಮಾತು. ಹತ್ತಿಗೆ ನೇರವಾಗಿ ಹತ್ತುವ ಬಣ್ಣಗಳಲ್ಲಿ ಮೊದಲು ಹೆಸರು ಮಾಡಿದ್ದು 1880ರ ದಶಕದಲ್ಲಿ ಜರ್ಮನಿಯಲ್ಲಿ ಪೇಟೆಗೆ ಬಂದ ಒಂದು ಕೆಂಪು. ಅದಕ್ಕಿಂತ ಮೊದಲು ಹತ್ತಿಗೆ ಕೆಂಪು ಹಿಡಿಸಬೇಕಾದರೆ ಪಟಿಕ ಮುಂತಾದ ಒಗರು ಕೊಟ್ಟು ದಿನಗಟ್ಟಲೆ ಹೆಣಗಬೇಕಾಗಿತ್ತು; ಇದನ್ನು ಕುದಿಯುವ ನೀರಿಗೆ ಹಾಕಿದರೆ ಮುಗಿಯಿತು. ಹೆಸರೇನಿಟ್ಟರು ಗೊತ್ತೆ? ಕಾಂಗೋ ಕೆಂಪು. ಕಾಂಗೋ ದೇಶಕ್ಕೂ ಆ ಪುಡಿಗೂ ಯಾವ ಸಂಬಂಧವೂ ಇಲ್ಲ. ಅದೇ ಹೊತ್ತಿಗೆ ಬರ್ಲಿನ್ನಿನಲ್ಲಿ ಯುರೋಪಿನ ರಾಜ್ಯಗಳು ಸಭೆ ಸೇರಿ ಆಫ್ರಿಕೆಯನ್ನು ಹಂಚಿಕೊಳ್ಳುವ ವ್ಯವಹಾರ ನಡೆಸಿದ್ದವು. ಪತ್ರಿಕೆಗಳ ತುಂಬ ಕಾಂಗೋ, ಕಾಂಗೋ. ಎಲ್ಲರ ಬಾಯಲ್ಲಿದ್ದ ಹೆಸರನ್ನು ಪೊಟ್ಟಣಕ್ಕೆ ಅಂಟಿಸಿದರು, ಖರ್ಚಾಯಿತು. ಒಂದು ಜನಾಂಗದ ಗೋಳು ಇನ್ನೊಬ್ಬನ ಜಾಹೀರಾತು!

ಆ ಬಣ್ಣವನ್ನು ಕಟ್ಟಿದ್ದು ಬೆಂಝಿಡಿನ್ ಎಂಬ ಮೂಲವಸ್ತುವಿನಿಂದ. ಮುಂದೆ ಅದೇ ಮೂಲದಿಂದ ನೀಲಿ, ಕಪ್ಪು, ಕಂದು, ಹಸಿರು ಹೀಗೆ ಅಗ್ಗದ ಬಣ್ಣಗಳ ದೊಡ್ಡ ಸಂತಾನವೇ ಹುಟ್ಟಿತು. 1895ರಲ್ಲಿಯೇ ಫ್ರಾಂಕ್‌ಫುರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ ಬಣ್ಣದ ಕಾರಖಾನೆಯ ಕೂಲಿಕಾರರ ಮೂತ್ರಕೋಶದಲ್ಲಿ ಗಡ್ಡೆಗಳನ್ನು ಕಂಡು ಲೋಕಕ್ಕೆ ತಿಳಿಸಿದ. ಬೆಂಝಿಡಿನ್ ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತು ಎಂಬುದರಲ್ಲಿ ಇಂದು ವೈದ್ಯಲೋಕಕ್ಕೆ ಸಂದೇಹವಿಲ್ಲ. ಆ ಮೂಲದ ಬಣ್ಣ ದೇಹದೊಳಗೆ ಹೋದರೆ ಒಡೆದು ಮತ್ತೆ ಬೆಂಝಿಡಿನ್ನೇ ಆಗುವದೆಂಬುದೂ ಸಿದ್ಧವಾಗಿದೆ.

ಇನ್ನು ಕಾಯದೆಯ ಕಥೆ. ಬೆಂಝಿಡಿನ್ ಮೂಲದ 42 ಬಣ್ಣಗಳನ್ನು ಭಾರತ ಸರಕಾರ 1993ರಲ್ಲಿ ನಿಷೇಧಿಸಿತು. 1994ರಲ್ಲಿ ಜರ್ಮನಿ, ಮೈಗೆ ತಾಗುವ ಅರಿವೆಯಲ್ಲಿ ಇಂಥ ಕೆಟ್ಟ ಮೂಲದ ಬಣ್ಣಗಳಿರಕೂಡದೆಂದು ನಿಯಮ ಮಾಡಿತು. ನಮ್ಮ ರಫ್ತುದಾರರು ತತ್ತರಿಸಿದರು. ಹಡಗಿಗೆ ಏರಿಸಿದ ಮಾಲು ತಿರುಗಿ ಬಂದರೆ? ತಪಾಸಣೆಯ ಪ್ರಯೋಗಶಾಲೆಗಳು ಎದ್ದವು, ಪ್ರಮಾಣಪತ್ರಗಳು ಬಂದವು. 1997ರಲ್ಲಿ ಸರಕಾರ ಇನ್ನೂ 70 ಬಣ್ಣಗಳನ್ನು ಯಾದಿಗೆ ಸೇರಿಸಿತು, ಒಟ್ಟು 112. ಒಳ್ಳೆಯದಾಯಿತು. ಆದರೆ ಕ್ರಮವನ್ನು ಗಮನಿಸಿರಿ. ಪರದೇಶಕ್ಕೆ ಹೋಗುವ ಅಂಗಿಯ ಒಂದು ತುಂಡು ಕತ್ತರಿಸಿ ಪ್ರಯೋಗಶಾಲೆಗೆ ಕಳಿಸುವರು. ಬಣ್ಣದಲ್ಲಿ ಏನಿದೆ, ಒಗೆತಕ್ಕೆ ನಿಲ್ಲುವದೋ ಇಲ್ಲವೋ, ಬಿಸಿಲಿಗೆ ನಿಲ್ಲುವದೋ ಇಲ್ಲವೋ, ಎಲ್ಲವನ್ನೂ ಪರೀಕ್ಷಿಸುವರು. ಒಗೆತಕ್ಕೆ 1ರಿಂದ 5ರ ತನಕ, ಬಿಸಿಲಿಗೆ 1ರಿಂದ 8ರ ತನಕ ಗುಣ ಹಾಕುವ ಅಳತೆಗೋಲುಗಳೇ ಇವೆ. ಬರ್ಲಿನ್ನಿನ ಹೆಣ್ಣುಮಗಳ ಬೆನ್ನಿಗೆ ತಾಗುವ ಬಣ್ಣಕ್ಕೆ ಇಷ್ಟು ಕಾವಲು. ಘೋಡಗೇರಿಯ ತಾಯಿ ಮೊಳಕೈ ತನಕ ಅದ್ದುವ ಬಣ್ಣಕ್ಕೆ ಒಂದು ಹೂವಿನ ಚಿತ್ರ!

ನಾವು ಕೊಂಡ ಪೊಟ್ಟಣದಲ್ಲಿ ನಿಷೇಧದ ಯಾದಿಯಲ್ಲಿರುವ ಬಣ್ಣವೇ ಇತ್ತೆಂದು ನಾವು ಹೇಳುತ್ತಿಲ್ಲ. ಒಳ್ಳೆಯ ಬಣ್ಣವೂ ಇದ್ದೀತು. ನಮ್ಮ ವಾದ ಅದಕ್ಕಿಂತ ಸರಳವಾದದ್ದು: ಕೊಂಡ ತಾಯಿ ಅದನ್ನು ತಿಳಿಯಲಾರಳು, ಮಾರಿದ ಹುಡುಗ ತಿಳಿಯಲಾರ, ಬರೆಯಲು ಕುಳಿತ ನಾವೂ ತಿಳಿಯಲಾರೆವು. 112 ಹೆಸರುಗಳನ್ನು ನಿಷೇಧಿಸಿದ ಸರಕಾರ, ಹೆಸರೇ ಇಲ್ಲದ ಪುಡಿಯನ್ನು ಯಾವ ಯಾದಿಯೊಡನೆ ತಾಳೆ ನೋಡುವದು?

ಇಷ್ಟು ಹೇಳಿದೊಡನೆ ಕೆಲವು ಸಜ್ಜನರು ಏಳುತ್ತಾರೆಂದು ನಮಗೆ ಗೊತ್ತು. “ಅದಕ್ಕೇ ಹೇಳುವದು, ರಾಸಾಯನಿಕ ಬಿಡಿರಿ, ಪ್ರಾಚೀನರ ಗಿಡಮೂಲಿಕೆಯ ಬಣ್ಣಕ್ಕೆ ತಿರುಗಿರಿ” ಎನ್ನುವರು. ಇವರ ಬಗ್ಗೆ ನಮಗೆ ಗೌರವವಿದೆ, ಆದರೆ ಪೂರ್ತಿ ಒಪ್ಪಿಗೆಯಿಲ್ಲ. ಬೆಳಗಾವಿ ಸೀಮೆಯಲ್ಲಿ ನೀಲಗಾರರು ಎಂಬ ಕಸಬಿನವರೇ ಇದ್ದರು; ಆ ಅಡ್ಡಹೆಸರು ಇಂದಿಗೂ ಉಳಿದಿದೆ, ಬಾನಿಗಳು ಉಳಿದಿಲ್ಲ. ಅವರ ನೀಲಿ ನಿಜಕ್ಕೂ ಬಾಳಿಕೆಯ ನೀಲಿ. ಆದರೆ ಆ ನೀಲಿಯ ಹಿಂದೆ ಸುಖದ ಕಥೆಯಿತ್ತೆಂದು ಯಾರೂ ಭ್ರಮೆಪಡಬಾರದು. ಬಂಗಾಳದ ರೈತರು 1859-60ರಲ್ಲಿ ನೀಲಿಯ ಸಾಹುಕಾರರ ವಿರುದ್ಧ ಸುಮ್ಮನೆ ಬಂಡೇಳಲಿಲ್ಲ. ಚಂಪಾರಣ್ಯದಲ್ಲಿ 20 ಪಾಲು ನೆಲದಲ್ಲಿ 3 ಪಾಲು ನೀಲಿಯನ್ನೇ ಬಿತ್ತಬೇಕೆಂಬ ಜುಲುಮೆ ಇತ್ತು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಪೇಟೆಗೆ ಬಂದು ನೀಲಿಯ ಬೆಲೆ ಬಿದ್ದಾಗ ಆ ನಷ್ಟವನ್ನೂ ಪ್ಲಾಂಟರುಗಳು ರೈತನ ಬೆನ್ನಿಗೇ ಹೇರಿದರು. ಗಾಂಧೀಜಿ 1917ರಲ್ಲಿ ಅಲ್ಲಿಗೆ ಹೋದದ್ದು ಈ ಕಾರಣಕ್ಕೆ. ಗಿಡದ ಬಣ್ಣವೆಂದ ಮಾತ್ರಕ್ಕೆ ಅದರಲ್ಲಿ ಅನ್ಯಾಯ ಬೆರೆತಿಲ್ಲವೆಂದು ಹೇಳಲಾಗದು. ಇಂದು ನೋಡಿದರೆ ಗಿಡದ ಬಣ್ಣದ ಸೀರೆ ಪಟ್ಟಣದ ದೊಡ್ಡ ಅಂಗಡಿಯ ಗಾಜಿನ ಹಿಂದಿದೆ. ಅದರ ಬೆಲೆಯಲ್ಲಿ ಘೋಡಗೇರಿಯ ಕೂಲಿಕಾರಳ ಒಂದು ತಿಂಗಳ ರೇಶನ್ನು ಬಂದೀತು.

ಹಾಗೆಂದು ಹಳೆಯ ವಿದ್ಯೆಯೆಲ್ಲ ತ್ಯಾಜ್ಯವಲ್ಲ. ಒಂದು ಬಣ್ಣ ಮಾತ್ರ ಇಂದಿಗೂ ಬಡವರ ಮನೆಯಲ್ಲಿ ಕಾಸಿಲ್ಲದೆ ಆಗುವಂಥದು: ಕಪ್ಪು. ತುಕ್ಕು ಹಿಡಿದ ಕಬ್ಬಿಣದ ಚೂರು, ಮೊಳೆ, ಮುರಿದ ಕುಡಗೋಲಿನ ತುಣುಕುಗಳನ್ನು ಮಣ್ಣಿನ ಗಡಿಗೆಯಲ್ಲಿ ಹಾಕಿ, ಬೆಲ್ಲ ಕಲಸಿದ ನೀರು ತುಂಬಿ, ಬಾಯಿಗೆ ಅರಿವೆ ಕಟ್ಟಿ ಎರಡು ವಾರ ಇಡಬೇಕು. ಗೋಕಾಕ-ಹುಕ್ಕೇರಿಯ ಕಬ್ಬಿನ ಸೀಮೆಯಲ್ಲಿ ಬೆಲ್ಲಕ್ಕೇನು ಬರ? ಹುಳಿ ನಾತ ಬಂದು ನೀರು ಕಪ್ಪಾಗುವದು. ಇತ್ತ ಅಳಲೆಕಾಯಿಯ ಪುಡಿ ಕಲಸಿದ ನೀರಿನಲ್ಲಿ ಹತ್ತಿಯ ಅರಿವೆಯನ್ನು ನೆನೆಸಿ, ಹಿಂಡಿ, ಒಣಗಿಸಬೇಕು. ಆಮೇಲೆ ಆ ಕಬ್ಬಿಣದ ನೀರಿನಲ್ಲಿ ಅದ್ದಿದರೆ ಕಣ್ಣೆದುರಿಗೇ ಅರಿವೆ ಕಪ್ಪಾಗುವದು. ಕುದಿಸುವ ಕಾರಣವಿಲ್ಲ. ಕಬ್ಬಿಣ ಹೆಚ್ಚಾದರೆ ಎಳೆ ಪಿಸಿಯುವದು ಎಂಬುದೊಂದೇ ಎಚ್ಚರ. ಹಳೆಯ ಕೊಡೆಯ ಅರಿವೆ, ಕೌದಿಗೆ ಹಚ್ಚುವ ತುಂಡು, ಬಣ್ಣಗೆಟ್ಟ ಕರಿ ಕುಬಸ, ಇಂಥವಕ್ಕೆಲ್ಲ ಇದು ಸಾಕು. ಆದರೆ ಹುಡುಗಿಯ ಸಾಲಿ ಸ್ಕರ್ಟು ನೀಲಿ. ಕಪ್ಪು ಸ್ಕರ್ಟು ತೊಟ್ಟು ಹೋದರೆ ಶಾಲೆಯವರು ಒಳಗೆ ಬಿಟ್ಟಾರೆಯೆ?

ಇಲ್ಲಿ ನಾವು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಪಕ್ಷದ ಕೆಲಸಕ್ಕೆ ಬರುವ ಮೊದಲು ನಾವು ಒಂದು ಶಾಲೆಯಲ್ಲಿ ಮಾಸ್ತರರಾಗಿದ್ದೆವು. ಸೋಮವಾರ ಪ್ರಾರ್ಥನೆಗೆ ನಿಂತಾಗ ಸಮವಸ್ತ್ರ ನೋಡುವದು ನಮ್ಮ ಪಾಳಿ. ಒಬ್ಬ ಹುಡುಗನ ಚಡ್ಡಿ ಒಂದೊಂದು ಸಲ ಒಂದೊಂದು ಬಣ್ಣದಲ್ಲಿರುತ್ತಿತ್ತು. ಒಮ್ಮೆ ಕಡುನೀಲಿ, ಎರಡು ವಾರಕ್ಕೆ ತಿಳಿನೀಲಿ, ಮತ್ತೆ ಬೂದಿ. ಚೇಷ್ಟೆ ಮಾಡುತ್ತಾನೆಂದು ತಿಳಿದು ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದೆವು. ಉಳಿದ ಹುಡುಗರು ನಕ್ಕರು. ಅವನು ಏನೂ ಹೇಳಲಿಲ್ಲ. ಅವರವ್ವ ಆ ಒಂದೇ ಚಡ್ಡಿಗೆ ಮತ್ತೆ ಮತ್ತೆ ಪೊಟ್ಟಣದ ಬಣ್ಣ ಹಾಕಿ ಕಳಿಸುತ್ತಿದ್ದಳೆಂಬುದು ನಮಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಅಷ್ಟರಲ್ಲಿ ಹುಡುಗ ಶಾಲೆ ಬಿಟ್ಟಿದ್ದ. ಅವನು ಬಿಟ್ಟದ್ದು ಅದಕ್ಕೇ ಎಂದು ಖಚಿತವಾಗಿ ಹೇಳಲಾರೆವು. ಅದಕ್ಕಲ್ಲ ಎಂದು ಹೇಳುವ ಧೈರ್ಯವೂ ನಮಗಿಲ್ಲ. ಘೋಡಗೇರಿಯ ಆ ಬೂದಿಬಣ್ಣದ ಸ್ಕರ್ಟು ಕೈಗೆ ಬಂದಾಗ ನಮ್ಮ ನಗೆ ನಿಂತದ್ದು ಈ ಕಾರಣದಿಂದ.

ಸರಕಾರಿ ಶಾಲೆಯ ಮಕ್ಕಳಿಗೆ ಸರಕಾರ ಸಮವಸ್ತ್ರ ಕೊಡುವದು ನಿಜ. ಎರಡು ಜೊತೆ ಕೊಡಬೇಕೆಂಬುದಕ್ಕೆ ನಮ್ಮ ರಾಜ್ಯದ ಹೈಕೋರ್ಟು 2019ರಲ್ಲಿ ಆಜ್ಞೆ ಮಾಡಬೇಕಾಯಿತು. ಆಜ್ಞೆ ಪಾಲನೆಯಾಗಲಿಲ್ಲವೆಂದು 2023ರಲ್ಲಿ ಅದೇ ಕೋರ್ಟು ಸರಕಾರವನ್ನು ಮತ್ತೆ ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಎರಡನೆಯ ಜೊತೆ ಬರದಿದ್ದರೆ ಏನಾಯಿತು ಮಹಾ ಎಂದು ಕಚೇರಿಯಲ್ಲಿ ಕುಳಿತವರಿಗೆ ಅನಿಸೀತು. ಒಂದೇ ಜೊತೆ ಇದ್ದ ಹುಡುಗಿಯ ಅರಿವೆಯನ್ನು ದಿನಾಲು ರಾತ್ರಿ ಒಗೆಯಬೇಕು. ದಿನಾಲು ಒಗೆದದ್ದು ಎರಡು ಪಟ್ಟು ಬೇಗ ಬಣ್ಣ ಬಿಡುವದು. ಬಣ್ಣ ಬಿಟ್ಟದ್ದಕ್ಕೆ ಪೊಟ್ಟಣ. ಕಚೇರಿಯ ಕಡತದಲ್ಲಿ ತಡವಾದ ಒಂದು ಸಹಿ, ಹೊಳೆಯ ದಂಡೆಯ ಒಂದು ಮನೆಯಲ್ಲಿ ನೀಲಿಯಾದ ಎರಡು ಕೈ. ನಡುವಿನ ದಾರಿ ಇಷ್ಟೇ.

2019ರ ಆಗಸ್ಟಿನ ನೆರೆಯನ್ನು ನಮ್ಮ ಸೀಮೆಯವರು ಮರೆಯಲಾರರು. ಗೋಕಾಕ ಊರೊಳಗೇ ನೀರು ಹೊಕ್ಕಿತು; ಘಟಪ್ರಭೆಯ ದಂಡೆಯ ಮನೆಗಳಲ್ಲಿ ಪೆಟ್ಟಿಗೆಯೊಳಗಿನ ಮದುವೆಯ ಸೀರೆಗೂ ಕೆಸರು ಮೆತ್ತಿತು. ದೊಡ್ಡ ಊರುಗಳಿಂದ ಹಳೆಯ ಅರಿವೆಯ ಗಂಟುಗಳು ಬಂದವು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಕೆಲ ಗಂಟು ಬಿಚ್ಚಿದಾಗ ಬಂದದ್ದು ಪಟ್ಟಣದವರಿಗೆ ಬೇಡಾದದ್ದು, ಬಣ್ಣಗೆಟ್ಟದ್ದು, ಗುಂಡಿ ಹೋದದ್ದು. ಅದರ ಬದಲು ನಾಲ್ಕು ಡಬ್ಬಿ ಒಳ್ಳೆಯ ಬಣ್ಣ, ಒಂದು ಮೂಟೆ ವಾಷಿಂಗ್ ಸೋಡಾ ಕಳಿಸಿದ್ದರೆ ಹೆಣ್ಣುಮಕ್ಕಳು ತಮ್ಮ ಸ್ವಂತ ಸೀರೆಗಳನ್ನೇ ಉಳಿಸಿಕೊಳ್ಳುತ್ತಿದ್ದರು ಎಂದು ಆಗ ಒಬ್ಬ ಮುದುಕಿ ಅಂದದ್ದು ಇನ್ನೂ ನಮ್ಮ ಕಿವಿಯಲ್ಲಿದೆ.

ಕೊನೆಗೆ ಒಂದು ಆಕ್ಷೇಪಣೆ ಉಳಿಯುವದು. ಸಂತೆ ಸಂತೆಗೆ ಇನ್ಸ್‌ಪೆಕ್ಟರನನ್ನು ಕಳಿಸಲು ಸಾಧ್ಯವೆ, ಇಂಥ ಚಿಲ್ಲರೆ ಮಾಲಿಗೆ ಹೊಸ ಕಾಯದೆ ಮಾಡುವದು ವ್ಯವಹಾರವೆ ಎಂದು ಕೇಳುವರು. ಹೊಸ ಕಾಯದೆಯನ್ನು ಕೇಳಿದವರು ಯಾರು? ಪೊಟ್ಟಣದ ಸರಕುಗಳ ಬಗ್ಗೆ 2011ರ ಕೇಂದ್ರ ನಿಯಮಗಳೇ ಇವೆ. ಪೊಟ್ಟಣ ಕಟ್ಟಿ ಮಾರುವ ಮಾಲಿನ ಮೇಲೆ ತಯಾರಿಸಿದವನ ಹೆಸರು, ವಿಳಾಸ, ಮಾಲಿನ ಹೆಸರು, ತೂಕ, ಬೆಲೆ, ತಿಂಗಳು-ವರುಷ ಇರಲೇಬೇಕೆಂದು ಅವು ಹೇಳುತ್ತವೆ. 10 ಗ್ರಾಂ ಮತ್ತು ಅದಕ್ಕೂ ಕಡಿಮೆ ತೂಕದ ಪೊಟ್ಟಣಗಳಿಗೆ ವಿನಾಯಿತಿ ಇದೆ, ನಿಜ. ಸಕ್ಕರೆ-ಚಹಾಪುಡಿಗೆ ಆ ವಿನಾಯಿತಿ ಕೊಡಲಿ, ಬಣ್ಣಕ್ಕೆ ಬೇಡ ಎನ್ನುವೆವು. ಆದರೆ ನಮ್ಮ ಪೊಟ್ಟಣ 18 ಗ್ರಾಮಿನದು. ಅಂದರೆ ಇದ್ದ ಕಾಯದೆಯೇ ಅದನ್ನು ಹಿಡಿಯಬಲ್ಲದು. ನಿಯಮದಲ್ಲಿ ಇಲ್ಲದ್ದು ಒಂದೇ: ಯಾವ ಜಾತಿಯ ಬಣ್ಣ, ಯಾವ ನೂಲಿಗೆ, ಹೇಗೆ ಹಾಕಬೇಕು ಎಂಬ ಮೂರು ಸಾಲು. ಅದನ್ನು ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಲೇಬೇಕೆಂದು ನಾವು ಒತ್ತಾಯ ಮಾಡುತ್ತೇವೆ. ಬಣ್ಣ ಬಿಡುವ ಬಟ್ಟೆಯ ಥಾನಿನ ಮೇಲೂ ಒಗೆತದ ಗುಣವನ್ನು 1ರಿಂದ 5ರೊಳಗೆ ಬರೆಯಲಿ. ಪರದೇಶದ ಗಿರಾಕಿಗೆ ಹೇಳಬಹುದಾದದ್ದನ್ನು ಹುಕ್ಕೇರಿಯ ಗಿರಾಕಿಗೆ ಹೇಳಲು ಯಾವ ಬಾಯಿಬೇನೆ?

ಹೋರಾಡಿದರೆ ಆಗುವದಿಲ್ಲ ಎನ್ನುವವರು ತಮಿಳುನಾಡಿನ ನೊಯ್ಯಲ್ ನದಿಯ ರೈತರನ್ನು ನೆನೆಯಲಿ. ತಿರುಪ್ಪೂರಿನ ಬಣ್ಣದ ಕಾರಖಾನೆಗಳ ನೀರು ಹೊಲ ಕೆಡಿಸಿತೆಂದು ಅವರು ವರುಷಗಟ್ಟಲೆ ಕೋರ್ಟಿಗೆ ಅಲೆದರು. ಶುದ್ಧಿ ಮಾಡದೆ ನೀರು ಬಿಡುವ ಕಾರಖಾನೆಗಳನ್ನು ಮುಚ್ಚಬೇಕೆಂದು 2011ರಲ್ಲಿ ಮದ್ರಾಸ್ ಹೈಕೋರ್ಟು ಆಜ್ಞೆ ಮಾಡಿತು. ಅವರ ಎದುರಿಗಿದ್ದದ್ದು ಕೋಟಿಗಟ್ಟಲೆಯ ರಫ್ತು. ನಮ್ಮ ಎದುರಿಗಿರುವದು ಒಂದು ಹೂವಿನ ಚಿತ್ರ.

ತೂಕ-ಅಳತೆಯ ಇಲಾಖೆಗೆ ಕೊಡುವ ಅರ್ಜಿ ಸಿದ್ಧವಾಗಿದೆ. ಒಂದು ಪೊಟ್ಟಣದಿಂದ ಕೆಲಸವಾಗದು, ರಾಶಿ ಬೇಕು. ಆದ್ದರಿಂದ ಈ ಪತ್ರಿಕೆ ಓದುವ ಮತ್ತು ಓದಿಸಿಕೊಳ್ಳುವ ತಾಯಂದಿರಲ್ಲಿ ನಮ್ಮ ವಿನಂತಿ: ಬಣ್ಣದ ಕಾಲಿ ಪೊಟ್ಟಣವನ್ನು ಒಲೆಗೆ ಹಾಕಬೇಡಿರಿ. ಯಾವ ಸಂತೆಯಲ್ಲಿ, ಯಾವ ದಿನ, ಎಷ್ಟು ಕೊಟ್ಟು ಕೊಂಡಿರಿ, ಯಾವ ಅರಿವೆಗೆ ಹಾಕಿದಿರಿ, ಹತ್ತಿತೋ ಇಲ್ಲವೋ ಎಂಬುದನ್ನು ಒಂದು ಚೀಟಿಯ ಮೇಲೆ ಬರೆಯಿಸಿ, ಪೊಟ್ಟಣದ ಸಂಗಡ ಪತ್ರಿಕೆಯ ಕಚೇರಿಗೋ ನಿಮ್ಮೂರಿಗೆ ಬರುವ ನಮ್ಮ ಕಾರ್ಯಕರ್ತರಿಗೋ ಕೊಡಿರಿ. ಒಳಗೆ ಪುಡಿ ಅಂಟಿಕೊಂಡಿದ್ದರೆ ಇರಲಿ, ತೊಳೆಯಬೇಡಿರಿ. ಘೋಡಗೇರಿಯ ತಾಯಿ ತಮ್ಮ ಬಿಳಿ ಅಂಗಿಯನ್ನೇ ಕೊಟ್ಟಿದ್ದಾರೆ. ಅರ್ಜಿಯ ಜೊತೆ ಅದೂ ಹೋಗುವದು.